ಮೂರು ಬಾಸ್ ಗಿಟಾರು, ಒಂದು ಹರಿಗೋಲು

ತುಂಗಭದ್ರೆಯ ದಡದಲ್ಲಿ ಸತ್ಯಮಿತ್ರ ಮಾಸ್ತರರು ಇದ್ದರು.

ನಲವತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಬಾಸ್ ಗಿಟಾರ್ ನುಡಿಸಿದವರು. ಹಾಡುವವರ ಹಿಂದೆ, ಬೆಳಕು ಬೀಳದ ಜಾಗದಲ್ಲಿ ನಿಂತು, ನಾಲ್ಕು ದಪ್ಪ ತಂತಿಗಳಿಂದ ಎಷ್ಟೋ ಹಾಡುಗಳಿಗೆ ನೆಲ ಹಾಸಿಕೊಟ್ಟವರು. ಈಗ ನದಿಯ ಪಕ್ಕ ಮೂರು ಕೋಣೆ ಕಟ್ಟಿಕೊಂಡು ಬಂದವರಿಗೆ ಕಲಿಸುತ್ತಿದ್ದರು.

ಜನ ಅದನ್ನು ಆಶ್ರಮ ಎಂದರು. ಅವರು ಎನ್ನಲಿಲ್ಲ.

ಮಾಸ್ತರರು ನಿಂತರೆ ಎಡಹೆಗಲು ನಾಲ್ಕು ಬೆರಳು ಕೆಳಗಿರುತ್ತಿತ್ತು. ತಲೆ ಸ್ವಲ್ಪ ಬಲಕ್ಕೆ. ನೋಡುವವರಿಗೆ ಅದರಲ್ಲಿ ಒಂದು ಗಾಂಭೀರ್ಯ ಕಾಣುತ್ತಿತ್ತು. ಶಿಷ್ಯರು ಅದಕ್ಕೆ 'ಮಾಸ್ತರ ನಿಲುವು' ಎಂದು ಹೆಸರಿಟ್ಟಿದ್ದರು.

ಕಲಿಯಲು ಬಂದವರು ತಿಂಗಳೊಳಗೆ ಹಾಗೆಯೇ ನಿಲ್ಲುತ್ತಿದ್ದರು. ಹಾರ್ಮೋನಿಯಂ ಕಲಿಯಲು ಬಂದವನೂ ಹಾಗೆಯೇ ನಿಲ್ಲುತ್ತಿದ್ದ. ಹಾರ್ಮೋನಿಯಂ ನುಡಿಸುವುದು ಕೂತು.

ಒಂದು ದಿನ ಬೆಳಿಗ್ಗೆ ದಾನಮ್ಮ ಬಂದಳು.

ಆರು ವರ್ಷ ಅಲ್ಲಿ ಕಲಿತು, ಆರು ವರ್ಷದ ಹಿಂದೆ ಹೊರಟವಳು. ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದಳು. ಅವಳು ಹೊರಡುವ ದಿನ ಮಾಸ್ತರರು ತಮ್ಮ ಸ್ವಂತ ಬಾಸನ್ನೇ ಅವಳ ಹೆಗಲಿಗೆ ಹಾಕಿ ಕಳಿಸಿದ್ದರು. ಅಂಥ ಭಾಗ್ಯ ಬೇರೆ ಯಾರಿಗೂ ಸಿಕ್ಕಿರಲಿಲ್ಲ.

ಈಗ ಅವಳ ಜೊತೆ ಮೂರು ಚೀಲಗಳಿದ್ದವು. ಆಟೋದವನು ಒಂದೊಂದಾಗಿ ಇಳಿಸಿಕೊಟ್ಟು ಹೋದ.

"ಮೂರು ಯಾಕ ತಂದಿ?" ಎಂದರು ಮಾಸ್ತರರು.

"ಒಂದು ಆರಿಸಬೇಕ್ರಿ."

"ಅಂಗಡ್ಯಾಂವ ಆರಿಸಿ ಕೊಡಲಿಲ್ಲೇನು?"

"ಅಂವ ಎಲ್ಲಾನೂ ಛಲೋ ಅದಾವ ಅಂತಾನ್ರಿ."

"ಖರೇನ ಹೇಳ್ಯಾನ. ಕೂಡು."

ದಾನಮ್ಮ ಕೂತಳು. ಎಡಗೈ ಮುಂದೆ ಚಾಚಿದಳು.

"ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿತಾವ್ರಿ. ಮೂರನೇ ಹಾಡಿಗೆ ತಂತಿ ಎಲ್ಲಿ ಐತಿ ಅನ್ನೂದ ತಿಳಿಯಂಗಿಲ್ಲ. ಡಾಕ್ಟರು ಹೆಗಲ ಮ್ಯಾಲಿನ ಭಾರ ಇಳಸು ಅಂದಾರ. ಇಲ್ಲಾಂದ್ರ ವರ್ಷದಾಗ ಈ ಕೈ ನುಡಿಸಾಕ ಬರಂಗಿಲ್ಲ ಅಂತ."

"ಆರ್ಕೆಸ್ಟ್ರಾದವರು ಏನಂತಾರ?"

"ಐತವಾರ ಕಾರ್ಯಕ್ರಮ ಐತ್ರಿ. ಅವತ್ತು ಮತ್ತ ತಪ್ಪಿದರ, ಬಾಸಿಗೆ ಕೀಬೋರ್ಡಿನವನ ಎಡಗೈ ಸಾಕು ಅಂದಾರ."

"ಅವನ ಎಡಗೈ ಹೆಂಗೈತಿ?"

"ಛಲೋ ಐತ್ರಿ. ಅದ ಅಂಜಿಕಿ."

ಮಾಸ್ತರರು ನಗಲಿಲ್ಲ. ಅವಳ ಕಿರುಬೆರಳನ್ನು ಹಿಡಿದು ಒತ್ತಿದರು. ಅವಳು ನದಿಯ ಕಡೆ ನೋಡುತ್ತಿದ್ದಳು. ಒತ್ತಿದ್ದು ಅವಳಿಗೆ ತಿಳಿಯಲಿಲ್ಲ.

ಅವರು ಬೆರಳು ಬಿಟ್ಟರು.

"ನಿನಗ ಎಂಥಾದ್ದು ಬೇಕು?"

"ಹಗುರ ಇರಬೇಕ್ರಿ. ಮೈಗೆ ಹಿತ ಇರಬೇಕು. ನಾದ ಇರಬೇಕು."

"ಮೂರರಾಗ ಒಂದು ಬಿಡು ಅಂದ್ರ?"

"ನಾದ ಬಿಡಂಗಿಲ್ರಿ."

"ಹಂಗಾರ ಕೈ ಬಿಡ್ತಿ."

ದಾನಮ್ಮ ಎದ್ದು ಚೀಲಗಳನ್ನು ಬಿಚ್ಚಿದಳು.

ಮೊದಲನೆಯದು ಮಾಸ್ತರರು ಕೊಟ್ಟಿದ್ದ ಹಳೆಯ ಬಾಸು. ತೂಕ ನಾಲ್ಕೂ ಮುಕ್ಕಾಲು ಕಿಲೋ. ಸುಮಾರು ಐದು ಎಂದು ಹೇಳುವವರಿದ್ದಾರೆ. ಹೆಗಲಿನ ವಿಷಯದಲ್ಲಿ ಸುಮಾರು ಎನ್ನುವ ಮಾತು ಸಲ್ಲದು.

ಎರಡನೆಯದು ಹೊಸದು. ಒಳಗೆ ಟೊಳ್ಳು, ಹೊರಗೆ ಜೇನಿನ ಬಣ್ಣ. ಸರಿಯಾಗಿ ಮೂರು ಕಿಲೋ.

ಮೂರನೆಯದು ಎರಡನೆಯದಕ್ಕಿಂತ ನೂರು ಗ್ರಾಂ ಹೆಚ್ಚು. ಸಣ್ಣ ಮೈ, ಮಾಸಿದ ಕಪ್ಪು. ಕುತ್ತಿಗೆ ಉದ್ದಕ್ಕೆ ಹೋಗಿ ಥಟ್ಟನೆ ಮುಗಿದುಬಿಟ್ಟಿತ್ತು.

"ಇದರ ತಲಿ ಎಲ್ಲಿ?" ಎಂದರು ಮಾಸ್ತರರು.

"ಇಲ್ರಿ. ತಂತಿ ಬಿಗಿಯೋ ಬಿರಡಿ ಎಲ್ಲಾ ಬುಡದಾಗ ಅದಾವ. ತಲಿ ಇಲ್ದ ಮಾಡ್ಯಾರ."

"ಛಲೋ ಆತು. ನುಡಿಸೋರಿಗೆ ಇದ್ದರ ಸಾಕು."

ಅವರು ಜೇನುಬಣ್ಣದ ಬಾಸನ್ನು ತೋರಿಸಿದರು.

"ಇದನ್ನ ಹೆಗಲಿಗೆ ಹಾಕ್ಕೊ. ಎದ್ದು ನಿಲ್ಲು."

ಅವಳು ನಿಂತಳು. ಹೆಗಲಿಗೆ ಏನೂ ಇಲ್ಲದಂತಿತ್ತು. ಮುಖ ಅರಳಿತು.

"ಎರಡೂ ಕೈ ತಗಿ."

ಅವಳು ಕೈ ತೆಗೆದಳು. ಬಾಸಿನ ಕುತ್ತಿಗೆ ಎಡಕ್ಕೆ ಜಾರಿ, ತಲೆ ಅವಳ ಮೊಣಕಾಲಿಗೆ ಬಡಿಯಿತು. ಅವಳು ಗಾಬರಿಯಿಂದ ಹಿಡಿದುಕೊಂಡಳು.

"ಮತ್ತ ತಗಿ."

ಮತ್ತೆ ಜಾರಿತು.

"ನುಡಿಸೋವಾಗ ಹಿಂಗ ಬೀಳಂಗಿಲ್ರಿ," ಎಂದಳು.

"ಯಾಕ ಬೀಳಂಗಿಲ್ಲ?"

"ಎಡಗೈ ಹಿಡ್ಕೊಂಡಿರತೈತಿ."

"ಹಂಗಾರ ಎಡಗೈ ನುಡಿಸಾಕತ್ತಿಲ್ಲ. ಹೊರಾಕತ್ತೈತಿ."

ದಾನಮ್ಮ ತನ್ನ ಬೆರಳು ನೋಡಿಕೊಂಡಳು.

"ತಕ್ಕಡ್ಯಾಗ ಇಟ್ಟು ತೂಗಿಸಿ ತಂದೀನ್ರಿ," ಎಂದಳು, ಸಣ್ಣ ದನಿಯಲ್ಲಿ.

"ತಕ್ಕಡಿಗೆ ಬೆರಳಿಲ್ಲ, ದಾನವ್ವ. ಇನ್ನೊಂದು ಹಾಕ್ಕೊ."

ಅವಳು ತಲೆಯಿಲ್ಲದ ಬಾಸನ್ನು ಹಾಕಿಕೊಂಡಳು. ಕೈ ತೆಗೆದಳು.

ಅದು ಎಲ್ಲಿತ್ತೋ ಅಲ್ಲೇ ಇತ್ತು.

ಅವಳು ಒಂದು ಹೆಜ್ಜೆ ನಡೆದಳು. ಬಗ್ಗಿದಳು. ಎದ್ದಳು. ಅದು ಮೈಗೆ ಒರಗಿಕೊಂಡು ಮಲಗಿದ ಮಗುವಿನ ಹಾಗೆ ಸುಮ್ಮನಿತ್ತು.

"ಹಗುರ ಆತು. ಹಿತಾನೂ ಆತು," ಎಂದರು ಮಾಸ್ತರರು. "ಮತ್ಯಾಕ ಮುಖ ಸಣ್ಣ ಮಾಡಿ?"

"ನಾದ ಇಲ್ರಿ ಇದರಾಗ."

"ಯಾರು ಹೇಳಿದ್ರು?"

"ನನ್ನ ಕಿವಿ. ಕೋಣ್ಯಾಗ ಬಾಗಿಲ ಹಾಕ್ಕೊಂಡು ಎರಡು ದಿನ ಕೇಳೀನ್ರಿ. ನಿಮ್ಮದು ಎದಿ ತುಂಬ್ತೈತಿ. ಆ ಹೊಸಾದು ಹಾಡ್ತೈತಿ. ಇದು ಮಂಕ."

"ಕೋಣ್ಯಾಗ ಒಬ್ಬಾಕಿನ ಇದ್ದಿ?"

"ಹೌದ್ರಿ. ಗದ್ದಲ ಇರಬಾರದು ನೋಡ್ರಿ."

ಮಾಸ್ತರರು ನದಿಯ ಕಡೆ ತಿರುಗಿ ಕೂಗಿದರು. "ಹುಲುಗಪ್ಪಾ!"

ದಡದ ಬಂಡೆಗಳ ನಡುವಿನಿಂದ ದೊಡ್ಡ ಕರಿಯ ಟೊಪ್ಪಿಗೆಯೊಂದು ಎರಡು ಕಾಲಿನ ಮೇಲೆ ನಡೆದು ಬಂತು. ಹತ್ತಿರ ಬಂದಾಗ ಅದು ಹರಿಗೋಲು. ಕೆಳಗಿದ್ದವನು ಅಂಬಿಗ ಹುಲುಗಪ್ಪ.

"ಈಕಿನ ನಡುಹೊಳಿಗೆ ಕರ್ಕೊಂಡು ಹೋಗು," ಎಂದರು ಮಾಸ್ತರರು. "ಆ ಒಂಟಿ ಬಂಡೆಗಲ್ಲಿನ ಹತ್ರ ಹರಿಗೋಲು ನಿಲ್ಲಸು. ನಾ ಕೈ ಎತ್ತೂ ತನಕ ವಾಪಸ್ ಕರ್ಕೊಂಡು ಬರಬ್ಯಾಡ."

"ಅಲ್ಲೇನು ಮಾಡ್ಲಿ?" ಎಂದಳು ದಾನಮ್ಮ.

"ಈ ಶಿಷ್ಯರು ಮುಂಜಾನಿ ಹಾಡು ಹಾಡ್ತಾರ. ಒಂದ ಹಾಡು, ಮೂರು ಸಲ. ನಾ ಮೂರೂ ಬಾಸು ನುಡಿಸ್ತೀನಿ. ಯಾವುದು ಮೊದಲು ಅಂತ ಹೇಳಂಗಿಲ್ಲ. ಈ ಕಡಿಗೆ ಬೆನ್ನು ಮಾಡಿ ಕೂಡು."

ಜಗಲಿಯ ಮೇಲೆ ನಿಂತಿದ್ದ ಆರು ಮಂದಿ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ನುಡಿಸಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಆರು ವರ್ಷದಿಂದ ಮಾಸ್ತರರು ಬಾಯಿಂದ ಹೇಳಿಕೊಡುತ್ತಿದ್ದರು, ಬೆರಳು ತೋರಿಸುತ್ತಿದ್ದರು, ಅಷ್ಟೇ.

ಒಬ್ಬ ಒಳಗೆ ಓಡಿ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಹೊರಗೆ ತಂದ.

ಹರಿಗೋಲು ನೀರಿಗಿಳಿಯಿತು. ಹುಲುಗಪ್ಪ ಹುಟ್ಟು ಹಾಕಿದ.

"ಇಷ್ಟು ದೊಡ್ಡ ಹರಿಗೋಲು ತಲಿ ಮ್ಯಾಲ ಹೊರ್ತಿಯಲ್ಲಣ್ಣ, ಭಾರ ಆಗಂಗಿಲ್ಲೇನು?" ಎಂದಳು ದಾನಮ್ಮ.

"ಬಿದಿರು, ತಾಡಪತ್ರಿ, ಡಾಂಬರು. ಇನ್ನೇನೈತ್ರಿ ಅಕ್ಕಾರ? ನಮ್ಮಪ್ಪನ ಕಾಲಕ್ಕ ಚರ್ಮದ್ದಿತ್ತು. ತೊಯ್ದರ ಎತ್ತಾಕ ಇಬ್ಬರು ಬೇಕಾಗ್ತಿದ್ರು."

"ಚರ್ಮದ್ದ ಛಲೋ ಇತ್ತು ಅಂತಾರಲ್ಲ?"

"ದಂಡಿ ಮ್ಯಾಲ ಕುಂತವರು ಅಂತಾರ್ರಿ."

ನದಿಯ ನಡುವೆ ಒಂಟಿ ಬಂಡೆ ಇತ್ತು. ಹುಲುಗಪ್ಪ ಅದಕ್ಕೆ ಹುಟ್ಟನ್ನು ಆನಿಸಿ ಹರಿಗೋಲು ನಿಲ್ಲಿಸಿದ. ದಾನಮ್ಮ ದಡಕ್ಕೆ ಬೆನ್ನು ಮಾಡಿ ಕೂತಳು. ಹರಿಗೋಲಿನ ತಳದಲ್ಲಿ ಅಂಗೈಯಷ್ಟು ನೀರು ನಿಂತಿತ್ತು.

ಹಾಡು ಶುರುವಾಯಿತು.

ಆರು ದನಿಗಳು, ಅವುಗಳ ಕೆಳಗೆ ಬಾಸು. ದಾನಮ್ಮ ಕಿವಿಯನ್ನು ಚೂಪು ಮಾಡಿ ಕೇಳಿದಳು. ಸ್ವರ ಗಟ್ಟಿಯಾಗಿತ್ತು. ಹಾಡಿನ ನಡುವೆ ಒಮ್ಮೆ ಬಾಸು ನಿಂತಿತು. ನಿಂತಿತು ಎಂದು ಅವಳು ಗಮನಿಸಿದಳು. ಮತ್ತೆ ಸೇರಿಕೊಂಡಿತು.

ಎರಡನೆಯ ಸಲ ಸ್ವರಕ್ಕೆ ಹೊಳಪಿತ್ತು. ಹಾಡುವವರ ಜೊತೆ ಅದೂ ಹಾಡಿತು. ನಡುವೆ ನಿಂತಿತು. ಇದೂ ನಿಂತಿತು ಎಂದುಕೊಂಡಳು.

ಮೂರನೆಯ ಸಲ ಹಾಡು ಶುರುವಾಯಿತು. ಬಾಸು ಬರಲಿಲ್ಲ.

ಅವಳು ಕಾದಳು. ಹಾಡುವವರು ಈ ಸಲ ಎಷ್ಟು ಚೆನ್ನಾಗಿ ಹಾಡುತ್ತಿದ್ದಾರೆ ಅನ್ನಿಸಿತು. ಆರೂ ದನಿಗಳು ಒಂದೊಂದಾಗಿ ಕೇಳುತ್ತಿದ್ದವು, ಒಂದೇ ಆಗಿಯೂ ಕೇಳುತ್ತಿದ್ದವು. ಮಾಸ್ತರರು ಯಾಕೆ ಇನ್ನೂ ಶುರು ಮಾಡಿಲ್ಲ? ಕೈ ನೋಯುತ್ತಿದೆಯೇನೋ ಎಂದುಕೊಂಡಳು.

"ಅಕ್ಕಾರ," ಎಂದ ಹುಲುಗಪ್ಪ, ಪಿಸುಮಾತಿನಲ್ಲಿ. "ತಳ ನೋಡ್ರಿ."

ಅವಳು ನೋಡಿದಳು.

ತಳದಲ್ಲಿ ನಿಂತಿದ್ದ ನೀರು ನಡುಗುತ್ತಿತ್ತು. ಸಣ್ಣ ಸಣ್ಣ ಉಂಗುರಗಳು ಎದ್ದು, ಅಂಚು ಮುಟ್ಟಿ, ಮತ್ತೆ ಏಳುತ್ತಿದ್ದವು. ಹಾಡಿನ ಹೆಜ್ಜೆಗೆ ಸರಿಯಾಗಿ ಏಳುತ್ತಿದ್ದವು.

ಅವಳು ಅಂಗೈಯನ್ನು ತಳಕ್ಕೆ ಊರಿದಳು. ಹರಿಗೋಲಿನ ಬಿದಿರೆಲ್ಲ ನುಡಿಯುತ್ತಿತ್ತು. ಅವಳು ಕೂತದ್ದೇ ಆ ಸ್ವರದ ಮೇಲೆ. ಅದು ಶುರುವಾಗಿ ಎಷ್ಟು ಹೊತ್ತಾಗಿತ್ತೋ.

ಆಗ ಅದು ನಿಂತಿತು.

ದನಿಗಳು ಇದ್ದವು, ಹಾಡು ಇತ್ತು. ಆದರೆ ನದಿಯನ್ನು ಯಾರೋ ಕೆಳಗಿನಿಂದ ಎಳೆದುಕೊಂಡಂತಾಯಿತು. ದಾನಮ್ಮ ಎರಡೂ ಕೈಯಲ್ಲಿ ಹರಿಗೋಲಿನ ಅಂಚು ಹಿಡಿದಳು. ಈಜು ಬಲ್ಲ ಹುಲುಗಪ್ಪನೂ ಅಂಚು ಹಿಡಿದಿದ್ದ.

ಸ್ವರ ಮರಳಿ ಬಂತು. ಅವರಿಬ್ಬರ ಕೆಳಗೆ ನದಿ ಮತ್ತೆ ಬಂದು ನಿಂತಿತು.

ಹಾಡು ಮುಗಿದ ಮೇಲೂ ಹುಲುಗಪ್ಪ ಹುಟ್ಟನ್ನು ಮುಟ್ಟಲಿಲ್ಲ. ದಡದಲ್ಲಿ ಮಾಸ್ತರರು ಬಲಗೈ ಎತ್ತಿ ಎಷ್ಟೋ ಹೊತ್ತಾಗಿತ್ತು.

ದಾನಮ್ಮ ದಡಕ್ಕೆ ಇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಯಾವುದು?" ಎಂದರು ಮಾಸ್ತರರು.

"ಮೂರನೇದ್ರಿ."

"ಮೂರನೇದು ಯಾವ ಬಾಸು?"

"ನೀವು ಕೊಟ್ಟದ್ದ ಇರಬೇಕು. ಅಂಥಾದ್ದು ಬ್ಯಾರೆ ಎಲ್ಲಿ ಐತ್ರಿ?"

ಮಾಸ್ತರರು ಹೊದ್ದಿದ್ದ ಶಾಲನ್ನು ಸರಿಸಿದರು. ಅವರ ತೊಡೆಯ ಮೇಲೆ ತಲೆಯಿಲ್ಲದ ಕಪ್ಪು ಬಾಸು ಇತ್ತು. ತಂತಿ ಇನ್ನೂ ಬಿಸಿಯಾಗಿದ್ದಿರಬೇಕು.

"ಇದು ಕೋಣ್ಯಾಗ ಮಂಕಿತ್ರಿ," ಎಂದಳು ಅವಳು. "ಖರೇನ ಮಂಕಿತ್ತು."

"ಕೋಣ್ಯಾಗ ಹಾಡೋರು ಯಾರಿದ್ರು?"

"ಯಾರೂ ಇಲ್ರಿ."

"ಮನಿ ಕಟ್ಟೂ ಮೊದಲ ಬುನಾದಿ ನೋಡಿ, ಚಂದ ಇಲ್ಲ ಅಂದಿ."

ಹುಲುಗಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಮಾಸ್ತರ್ರ, ಮೊದಲನೇದು ಬಂತ್ರಿ. ಎರಡನೇದು ಬಂದು ಮಾತಾಡಿಸ್ತು. ಇದು ಬಂದದ್ದ ಗೊತ್ತಾಗಲಿಲ್ಲ. ಹೋದಾಗ ಜೀವ ಹೋದಂಗಾತು."

"ಹುಲುಗಪ್ಪಗ ಕಿವಿ ಐತಿ," ಎಂದರು ಮಾಸ್ತರರು. "ನಲವತ್ತು ವರ್ಷ ಆರ್ಕೆಸ್ಟ್ರಾದಾಗ ಯಾರೂ ನನಗ ಇಷ್ಟು ಸರಿಯಾಗಿ ಹೇಳಲಿಲ್ಲ."

ಹಗುರ, ಹಿತ, ನಾದ. ಮೂರೂ ಒಂದರಲ್ಲೇ ಇದ್ದವು. ಆದರೂ ದಾನಮ್ಮ ಅದನ್ನು ಎತ್ತಿಕೊಳ್ಳಲಿಲ್ಲ. ಹಳೆಯ ಬಾಸಿನ ಪಕ್ಕ ಹೋಗಿ ಕೂತಳು. ಅದರ ಮೈಯ ಮೇಲೆ ಕೈ ಇಟ್ಟಳು.

"ಇನ್ನೇನು?"

"ಬಾಸ್ ಆರಿಸಾಕ ಬಂದೀನಿ ಅಂದೆ. ಅದು ಅರ್ಧ ಸುಳ್ರಿ."

"ಉಳಿದರ್ಧ?"

"ಇದನ್ನ ಹೆಂಗ ಇಳಸ್ಲಿ? ಡಾಕ್ಟರು ಮೊದಲ ಸಲ ಹೇಳಿ ವರ್ಷ ಆತು. ಇಳಸಾಕ ಆಗಲಿಲ್ಲ. ಇದು ನೀವು ಕೊಟ್ಟದ್ದು. ಇದನ್ನ ಬಿಟ್ಟರ ನಿಮ್ಮನ್ನ ಬಿಟ್ಟಂಗ ಅಲ್ಲೇನ್ರಿ?"



ಮಾಸ್ತರರು ಶಾಲು ತೆಗೆದಿಟ್ಟರು. ಅಂಗಿಯ ಗುಂಡಿ ಬಿಚ್ಚಿ, ಎಡಭಾಗವನ್ನು ಕೆಳಗೆ ಸರಿಸಿದರು.

ಹೆಗಲ ಮೇಲೆ ಎರಡು ಬೆರಳಗಲದ ಒಂದು ಹಳ್ಳ ಇತ್ತು. ಬಾಸಿನ ಪಟ್ಟಿ ನಲವತ್ತು ವರ್ಷ ಕೂತ ಜಾಗ. ಅಲ್ಲಿ ಎಲುಬು ಒಳಕ್ಕೆ ಬಾಗಿತ್ತು.

ಅವರು ಎಡಗೈ ಎತ್ತಲು ನೋಡಿದರು. ಅದು ಎದೆಯ ತನಕ ಬಂದು ನಿಂತಿತು.

"ಇಷ್ಟ," ಎಂದರು. "ಇದರ ಮ್ಯಾಲ ಹೋಗಂಗಿಲ್ಲ."



"ನೀವೆಲ್ಲಾ ಇದಕ್ಕ ನಿಲುವು ಅಂತ ಹೆಸರಿಟ್ಟೀರಿ. ಇದು ನಿಲುವಲ್ಲ. ಗಾಯ."

ಹಿಂದೆ ನಿಂತಿದ್ದ ಹಾರ್ಮೋನಿಯಂನವನು ಮೆಲ್ಲಗೆ ನೆಟ್ಟಗಾದ. ಆಮೇಲೆ ಅವನ ಪಕ್ಕದವನು.

"ಆ ದಿನ ನಿನಗ ಇದನ್ನ ಯಾಕ ಕೊಟ್ಟೆ?" ಎಂದು ಮಾಸ್ತರರು ದಾನಮ್ಮನನ್ನು ಕೇಳಿದರು.

"ಮೆಚ್ಚಿ ಕೊಟ್ರಿ ಅಂದ್ಕೊಂಡಿದ್ದೆ."

"ಮೆಚ್ಚಿದ್ದೆ. ಆದರ ಅವತ್ತು ಮುಂಜಾನಿ ಇದನ್ನ ಎತ್ತಾಕ ನನಗ ಆಗಿರಲಿಲ್ಲ. ಎರಡೂ ಖರೆ. ನಿನಗ ಒಂದ ಹೇಳಿದೆ."

ದಾನಮ್ಮ ಶಿಷ್ಯರ ಕಡೆ ತಿರುಗಿ ನೋಡಿದಳು.

"ನಾವು ನಿಮ್ಮಂಗ ವಾಲಿ ನಿಲ್ಲೂದು ದಿನಾ ನೋಡ್ತಿದ್ರಿ. ಯಾಕ ಹೇಳಲಿಲ್ರಿ?"

"ನೋಡಾಕ ಚಂದ ಇತ್ತು," ಎಂದರು ಮಾಸ್ತರರು. "ಇಷ್ಟು ಮಂದಿ ನನ್ನಂಗ ನಿಂತದ್ದು."

ಅವರ ದನಿಯಲ್ಲಿ ಕ್ಷಮೆ ಕೇಳುವ ರಾಗ ಇರಲಿಲ್ಲ. ತಪ್ಪನ್ನು ತಪ್ಪಿನಷ್ಟೇ ತೂಕದಲ್ಲಿ ಹೇಳಿದರು.

ದಾನಮ್ಮ ಹಳೆಯ ಬಾಸನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ಕಾಲ ಬಳಿ ಇಟ್ಟಳು. ಹುಲುಗಪ್ಪ ಅದನ್ನು ಒಯ್ದು ಜಗಲಿಯ ಗೂಟಕ್ಕೆ ತೂಗುಹಾಕಿದ. ಗೂಟ ಮಣ್ಣು ಸಮೇತ ಕಿತ್ತು ಬಂತು. ಅವನು ಬಾಸನ್ನು ಆತುಕೊಂಡು ನಿಂತ.

"ಅಯ್ಯಯ್ಯ! ಗ್ವಾಡಿಗೂ ತಡಿವಲ್ದು ಮಾಸ್ತರ್ರ!"

"ಕೆಳಗ ಮಲಗಿಸಪಾ," ಎಂದರು ಮಾಸ್ತರರು. "ಅದೂ ದಣದೈತಿ."

ಆಗ ದಾನಮ್ಮ ತಲೆಯಿಲ್ಲದ ಬಾಸನ್ನು ಹೆಗಲಿಗೆ ಹಾಕಿಕೊಂಡಳು. ನದಿಯ ಕಡೆ ಮುಖ ಮಾಡಿ ನಿಂತಳು. ಎರಡೂ ಕೈ ತೆಗೆದಳು. ಬಾಸು ಅಲುಗಲಿಲ್ಲ.

ಆದರೆ ಅವಳ ಎಡಹೆಗಲು ನಾಲ್ಕು ಬೆರಳು ಕೆಳಗೇ ಇತ್ತು.

ಮಾಸ್ತರರು ಹಿಂದಿನಿಂದ ಬಂದು, ಅವಳ ಎಡ ಮೊಣಕೈ ಕೆಳಗೆ ಅಂಗೈ ಕೊಟ್ಟು ಮೇಲಕ್ಕೆತ್ತಿದರು. ಒಂದು ಬೆರಳು. ಎರಡು. ಮೂರು. ನಾಲ್ಕು.

ದಾನಮ್ಮ ತೂರಾಡಿದಳು.

"ನದಿ ಸೊಟ್ಟ ಕಾಣಾಕತ್ತೈತ್ರಿ!"

"ಇಷ್ಟು ದಿನ ಸೊಟ್ಟ ಇತ್ತು. ಹಂಗ ನಿಲ್ಲು."

ಅವಳು ಹಾಗೆಯೇ ನಿಂತಳು. ನೀರು ನಿಧಾನವಾಗಿ ತನ್ನ ಮಟ್ಟಕ್ಕೆ ಬಂತು. ಅಷ್ಟು ಅಗಲದ ನದಿಯನ್ನು ಅವಳು ಆರು ವರ್ಷ ದಿನವೂ ನೋಡಿದ್ದಳು. ಅದು ಅಷ್ಟು ಅಗಲ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಜೋಮು ಹಿಡಿದಿದ್ದ ಕಿರುಬೆರಳಿನ ತುದಿಯಲ್ಲಿ ಇರುವೆ ಹರಿದಂತಾಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಆರು ಮಂದಿ ಹಾಡಲು ನಿಂತರು. ಎಲ್ಲರೂ ನೆಟ್ಟಗೆ. ಹೊಸಬರ ಹಾಗೆ ಕಾಣುತ್ತಿದ್ದರು.

ಮಾಸ್ತರರು ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದು, ಹುಲುಗಪ್ಪನ ತೋಳು ಹಿಡಿದು ಹರಿಗೋಲು ಹತ್ತಿದರು.

"ನೀವೆಲ್ಲಿಗ್ರಿ?" ಎಂದು ಕೂಗಿದಳು ದಾನಮ್ಮ.

"ನಡುಹೊಳಿಗೆ. ಕೇಳಾಕ."

ಶಿಷ್ಯೆ ನುಡಿಸುವುದನ್ನು ಕೇಳಲು ಗುರು ನೀರಿಗಿಳಿದದ್ದನ್ನು ಆ ದಡ ಅಲ್ಲಿಯ ತನಕ ನೋಡಿರಲಿಲ್ಲ.

ಅವಳು ಒಂದು ತಂತಿ ಮೀಟಿದಳು. ಹತ್ತಿರದಿಂದ ಅದು ಮಂಕಾಗಿಯೇ ಕೇಳಿತು.

"ಮಾಸ್ತರ್ರ, ಇಲ್ಲಿ ನನಗೇನೂ ಕೇಳಂಗಿಲ್ರಿ! ಅಲ್ಲಿಗೆ ಮುಟ್ತೋ ಇಲ್ಲೋ, ನನಗ ಹೆಂಗ ತಿಳಿಬೇಕು?"

ಹರಿಗೋಲು ದಡ ಬಿಟ್ಟಿತ್ತು. ಮಾಸ್ತರರು ಅವಳಿಗೆ ಬೆನ್ನು ಮಾಡಿ ಕೂತರು.

"ನುಡಿಸು. ನಡುವ ಒಮ್ಮೆ ನಿಲ್ಲಸು. ನಾ ತಿರುಗಿ ನೋಡಿದರ, ಮುಟ್ಟೇತಿ ಅಂತ ತಿಳಿ."